ಮುಡಿದರೆ ನಾತ, ಬಾಟಲಿಗಿಳಿದರೆ ಪರಿಮಳ

ಹೋದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ದಿನ ಮಲ್ಲಿಗೆ ದಂಡೆಯ ನಡುವೆ ಎರಡು ಕುಡಿ ಪಚ್ಚೆತೆನೆ ಸೇರಿಸಿ ಮುಡಿದುಕೊಂಡು ಹೋಗಿದ್ದೆ. ಸ್ಟಾಫ್ ರೂಮಿನಲ್ಲಿ ಕುಳಿತು ಬಹುಮಾನದ ಪುಸ್ತಕಗಳ ಮೇಲೆ ಮಕ್ಕಳ ಹೆಸರು ಬರೆಯುತ್ತಿದ್ದಾಗ, ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬಳು (ನನ್ನ ಮಗಳಿಗಿಂತ ಎರಡು ವರ್ಷಕ್ಕೆ ದೊಡ್ಡವಳಿರಬೇಕು) ಮೂಗಿಗೆ ಕರ್ಚೀಫು ಹಿಡಿದು, "ಏನೋ ಹಳೇ ಕಾಲದ ವಾಸನೆ ಬರ್ತಿದೆಯಲ್ಲ ಮೇಡಂ, ಅಜ್ಜಿ ಬೀರು ಬಾಗಿಲು ತೆಗೆದ ಹಾಗೆ" ಎಂದಳು.

"ಅಜ್ಜಿ ಇಲ್ಲೇ ಕೂತಿದ್ದೇನೆ" ಎಂದು ತಲೆ ತಿರುಗಿಸಿ ದಂಡೆ ತೋರಿಸಿದೆ.

ಪಾಪ, ಅವಳಿಗೆ ಮುಜುಗರವಾಯಿತು. ಸಮಾಧಾನ ಮಾಡಲು ಹೋಗಿ ಇನ್ನಷ್ಟು ಕೆಡಿಸಿದಳು. "ಓ, ಪಚೌಲಿನಾ! ಅದು ತುಂಬ ಹೆವಿ ಮೇಡಂ. ಈಗ ಯಾರೂ ಅದನ್ನ ಇಷ್ಟಪಡಲ್ಲ. ಈಗೆಲ್ಲ ಲೈಟಾಗಿ, ಕ್ಲೀನಾಗಿ ಇರಬೇಕು" ಎಂದು ತನ್ನ ಕೈಚೀಲದಿಂದ ಫ್ರೆಂಚ್ ಹೆಸರಿನ ಒಂದು ಪುಟ್ಟ ಬಾಟಲಿ ತೆಗೆದು, ಬಹಳ ಪ್ರೀತಿಯಿಂದಲೇ ನನ್ನ ಮಣಿಕಟ್ಟಿಗೆ ಪುಸ್ಸೆಂದು ಸಿಂಪಡಿಸಿದಳು. ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ ಘಮ್ಮೆಂದಿತು. ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಸಂಜೆ ಮುಖ್ಯ ಅತಿಥಿಗಳು ಭಾಷಣ ಶುರುಮಾಡಿದರು. ಮುಖ್ಯ ಅತಿಥಿಗಳ ಭಾಷಣ ಎಂದರೆ ಎಷ್ಟು ಹೊತ್ತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿದ್ದೆ ತಡೆಯಲು ಕೈಯನ್ನು ಗಲ್ಲಕ್ಕೆ ಊರಿ ಕುಳಿತೆ. ಮಣಿಕಟ್ಟಿನಲ್ಲಿ ಕಿತ್ತಳೆ ಎಂದೋ ಹಾರಿಹೋಗಿತ್ತು. ಅದರ ಹಿಂದೆ ಬಂದಿದ್ದ ಗುಲಾಬಿಯಂಥದ್ದೂ ತೆಳುವಾಗಿತ್ತು. ಉಳಿದಿದ್ದ ವಾಸನೆ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಒಣಗಿದ ಮಣ್ಣು, ಸ್ವಲ್ಪ ಕರ್ಪೂರ, ಸ್ವಲ್ಪ ಹಳೆಯ ಮರದ ಪೆಟ್ಟಿಗೆ. ಅಮ್ಮನ ಟ್ರಂಕು! ಮೂಗಿಗೆ ಕರ್ಚೀಫು ಹಿಡಿದ ಹುಡುಗಿ ದಿನವೂ ಮೈಗೆ ಹಚ್ಚಿಕೊಂಡು ಬರುತ್ತಿದ್ದದ್ದು ಪಚೌಲಿಯನ್ನೇ!

ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಯಾರೂ ಹೇಳಿಲ್ಲ ಅಷ್ಟೆ. ನನ್ನ ಜಗಳವಿರುವುದು ಹೇಳದೆ ಇರುವವರ ಜೊತೆ. ಹಳ್ಳಿಯ ಹೆಂಗಸಿನ ಜಡೆಯಲ್ಲಿದ್ದರೆ ನಾತ ಎನ್ನುವುದನ್ನೇ ಬಾಟಲಿಗೆ ತುಂಬಿ, ಹೆಸರು ಮರೆಸಿ, ನಮ್ಮ ಹೆಣ್ಣುಮಕ್ಕಳ ಸಂಬಳದ ಮೂರನೇ ಒಂದು ಪಾಲನ್ನು ಕಿತ್ತುಕೊಳ್ಳುವವರ ಜೊತೆ. ಜೊತೆಗೆ, ಇಷ್ಟೇ ತಪ್ಪು ಮಾಡಿದ ಇನ್ನೊಬ್ಬಳ ಮೇಲೂ ಸಿಟ್ಟಿದೆ. ಅವಳ ವಿಷಯ ಆಮೇಲೆ ಬರುತ್ತದೆ.

ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಬಚ್ಚಲ ನೀರು ಹರಿದು ಹೋಗುವಲ್ಲಿ ಪಚ್ಚೆತೆನೆಯ ಗಿಡಗಳಿದ್ದವು. ಯಾರೂ ಅದಕ್ಕೆ ಗೊಬ್ಬರ ಹಾಕಿದ್ದು ನಾನು ಕಂಡಿಲ್ಲ. ಒಂದು ಕಡ್ಡಿ ಮುರಿದು ಒದ್ದೆ ಮಣ್ಣಿಗೆ ಚುಚ್ಚಿದರೆ ಬದುಕಿಕೊಳ್ಳುತ್ತಿತ್ತು. ಅಮ್ಮ ಅಬ್ಬಲಿಗೆ ಕಟ್ಟುವಾಗ ನಡುನಡುವೆ ಒಂದೊಂದು ಕುಡಿ ಇಡುತ್ತಿದ್ದಳು. ಅಬ್ಬಲಿಗೆಗೆ ಬಣ್ಣವುಂಟು, ವಾಸನೆಯಿಲ್ಲ. ಆ ಕೊರತೆಯನ್ನು ಪಚ್ಚೆತೆನೆ ತುಂಬಬೇಕು. ಮಿಕ್ಕ ಕುಡಿಗಳನ್ನು ಅಟ್ಟದ ಮೇಲೆ ನೆರಳಲ್ಲಿ ಒಣಗಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಟ್ರಂಕಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ಇಡುತ್ತಿದ್ದಳು. ನುಸಿಗುಳಿಗೆ ನಮ್ಮ ಮನೆಗೆ ಬಂದದ್ದು ಎಷ್ಟೋ ಕಾಲದ ಮೇಲೆ. ನನಗೆ ಚಿಕ್ಕಂದಿನಲ್ಲಿ ಒಂದು ಸೋಜಿಗವಿತ್ತು. ಹಸಿ ಎಲೆಗೆ ಇಲ್ಲದ ಗಾಢ ವಾಸನೆ ಒಣಗಿದ ಮೇಲೆ ಎಲ್ಲಿಂದ ಬರುತ್ತದೆ? ಮಲ್ಲಿಗೆ ಒಣಗಿದರೆ ಕಸ, ಇದು ಒಣಗಿದರೆ ಬಂಗಾರ. ಎಣ್ಣೆ ಎಲೆಯ ಒಳಕೋಶಗಳಲ್ಲಿ ಅಡಗಿರುತ್ತದೆ, ಬಾಡಿ ಒಣಗುವಾಗ ಆ ಗೋಡೆಗಳು ಒಡೆದು ಹೊರಗೆ ಬರುತ್ತದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಎಣ್ಣೆ ಬಟ್ಟಿ ಇಳಿಸುವವರೂ ಎಲೆಯನ್ನು ಒಣಗಿಸಿಯೇ ಹಬೆಗೆ ಹಾಕುತ್ತಾರೆ. ಅಮ್ಮ ಅಟ್ಟದ ಮೇಲೆ ಮಾಡುತ್ತಿದ್ದುದು ಅದನ್ನೇ.

ಒಂದು ಮಾತು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು, ಇಲ್ಲದಿದ್ದರೆ ಸಸ್ಯಶಾಸ್ತ್ರದ ಮೇಷ್ಟ್ರುಗಳು ನನ್ನ ಕಿವಿ ಹಿಂಡಿಯಾರು. ನಮ್ಮ ಕಡೆ ಪಚ್ಚೆತೆನೆ ಎನ್ನುವುದು ಒಂದೇ ಗಿಡವಲ್ಲ. ಸಹ್ಯಾದ್ರಿಯ ಮಗ್ಗುಲಲ್ಲಿ ಬೆಳೆಯುವುದು ಪೊಗೊಸ್ಟೆಮನ್ ಹೇನಿಯಾನಸ್. ಅತ್ತರಿನ ಕಾರ್ಖಾನೆಗೆ ಹೋಗುವುದು ಅದರ ಅಕ್ಕ, ಪೊಗೊಸ್ಟೆಮನ್ ಕ್ಯಾಬ್ಲಿನ್. ಅದನ್ನು ಬ್ಲಾಂಕೊ ಎಂಬ ಪಾದ್ರಿ 1837ರಲ್ಲಿ ಫಿಲಿಪೈನ್ಸಿನಲ್ಲಿ ಗುರುತಿಸಿ ಬರೆದಿಟ್ಟ. ಅಲ್ಲಿಯವರು ಕಬ್ಲಿಂಗ್ ಎನ್ನುತ್ತಿದ್ದರಂತೆ, ಆ ಹೆಸರೇ ಉಳಿಯಿತು. ಎರಡೂ ತುಳಸಿ, ಪುದೀನದ ಕುಟುಂಬದವೇ. ಅಕ್ಕನ ಎಣ್ಣೆ ಹೆಚ್ಚು, ತಂಗಿಯದು ಕಡಿಮೆ. ಆದರೆ ಪಚೌಲಿ ಎಂದು ಲೋಕವೆಲ್ಲ ಕರೆಯುವ ಹೆಸರು ಮಾತ್ರ ನಮ್ಮ ದಕ್ಷಿಣದ ಮನೆಮಾತಿನಿಂದ ಹೋದದ್ದು. ತಮಿಳಿನ ಪಚ್ಚೈ ಮತ್ತು ಇಲೈ, ಅಂದರೆ ಹಸಿರು ಎಲೆ. ಪಚ್ಚೆಗೆ ನಾವು ಅರ್ಥ ಹೇಳಿಸಿಕೊಳ್ಳಬೇಕಾಗಿಲ್ಲವಲ್ಲ.

ಈ ಎಲೆ ಯುರೋಪಿನ ಹೆಂಗಸರ ಮೂಗಿಗೆ ಹೇಗೆ ತಲುಪಿತು ಎಂಬ ಕಥೆಯನ್ನು ನನ್ನ ಕೈಲಾದರೆ ಎಂಟನೇ ತರಗತಿಯ ಸಮಾಜ ಪಾಠಕ್ಕೆ ಸೇರಿಸುತ್ತಿದ್ದೆ. 19ನೇ ಶತಮಾನದಲ್ಲಿ ಕಾಶ್ಮೀರದ ಶಾಲುಗಳಿಗೆ ಅಲ್ಲಿ ಕೇಳಿದ ಬೆಲೆ. ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗಬೇಕಾದ ಉಣ್ಣೆಗೆ ಹುಳ ಹಿಡಿಯಬಾರದೆಂದು ಮಡಿಕೆಗಳ ನಡುವೆ ಪಚೌಲಿಯ ಒಣ ಎಲೆ ಇಟ್ಟು ಕಳಿಸುತ್ತಿದ್ದರು. ಅಮ್ಮ ಧಾರೆ ಸೀರೆಗೆ ಇಟ್ಟ ಹಾಗೆಯೇ. ಶಾಲಿಗೆ ಆ ವಾಸನೆ ಹತ್ತುತ್ತಿತ್ತು. ಕೊಳ್ಳುವ ಶ್ರೀಮಂತ ಹೆಂಗಸರು ಮೂಸಿ ನೋಡಿ ಇದು ಅಸಲು, ಇದು ನಕಲಿ ಎಂದು ಹೇಳುವಷ್ಟು ಗಟ್ಟಿಯಾಯಿತು ಆ ನಂಟು. ಫ್ರಾನ್ಸಿನ ನೇಕಾರಿಕೆಯವರು ನಮ್ಮ ಶಾಲಿನ ನಕಲನ್ನು ಕಣ್ಣಿಗೆ ವ್ಯತ್ಯಾಸ ತಿಳಿಯದಷ್ಟು ಚೆನ್ನಾಗಿ ನೇಯ್ದರು. ಮಾವಿನಕಾಯಿ ಅಂಚು ಬಂತು, ಮೃದುತನ ಬಂತು, ಆದರೆ ವಾಸನೆ ಬರಲಿಲ್ಲ. ಕೊನೆಗೆ ಗುಟ್ಟು ತಿಳಿದು, ಎಲೆಯನ್ನೇ ತರಿಸಿ, ತಮ್ಮ ಊರಿನ ಶಾಲಿಗೆ ವಾಸನೆ ಹಿಡಿಸಿ, ಹಿಂದೂಸ್ತಾನದ್ದೆಂದು ಮಾರಿದರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಸೆಪ್ಟಿಮಸ್ ಪೀಸ್ ಎಂಬ ಇಂಗ್ಲಿಷ್ ಸುಗಂಧ ವ್ಯಾಪಾರಿ 1855ರಲ್ಲಿ ಅಚ್ಚು ಹಾಕಿಸಿದ ತನ್ನ ಪುಸ್ತಕದಲ್ಲಿ ತಾನೇ ಬರೆದಿದ್ದಾನೆ.

ಅಂದರೆ ಈ ಎಲೆ ಸಮುದ್ರ ದಾಟಿದ್ದೇ ಮೋಸದ ಗುರುತಿನ ಚೀಟಿಯಾಗಿ. ಅಂದು ನಕಲಿ ಶಾಲಿಗೆ ಹಿಂದೂಸ್ತಾನದ ಹೆಸರು ಕೊಡಿಸಲು ಅದು ಬೇಕಿತ್ತು. ಇಂದು ಅದನ್ನೇ ಹೆಸರಿಲ್ಲದೆ ಅಡಗಿಸಿ ಪ್ಯಾರಿಸಿನ ಹೆಸರು ಕೊಡುತ್ತಾರೆ.

ಮುಂದೆ ಆದದ್ದು ಇನ್ನೂ ಸ್ವಾರಸ್ಯ. ಶಾಲು ಹೊದ್ದವರ ವಾಸನೆ ಎಲ್ಲರಿಗೂ ಸಿಗುವಷ್ಟು ಅಗ್ಗವಾದ ಕೂಡಲೇ, ಅದೇ ಶತಮಾನ ಮುಗಿಯುವ ಹೊತ್ತಿಗೆ ಪ್ಯಾರಿಸಿನಲ್ಲಿ ಪಚೌಲಿ ಎಂದರೆ ಮರ್ಯಾದಸ್ಥ ಹೆಂಗಸು ಹಾಕಬಾರದ ವಾಸನೆ ಎಂದಾಯಿತು. ಬೆಲೆವೆಣ್ಣುಗಳು ಹಾಕುವುದು ಅದನ್ನು ಎಂದರು. ಎಲೆ ಬದಲಾಗಿರಲಿಲ್ಲ, ಹಾಕಿಕೊಳ್ಳುವವರು ಬದಲಾಗಿದ್ದರು. 1960ರ ದಶಕದಲ್ಲಿ ಅಮೆರಿಕೆಯ ಹಿಪ್ಪಿ ಹುಡುಗ ಹುಡುಗಿಯರು ಅದರ ಎಣ್ಣೆಯನ್ನು ಮೈಗೆ ಬಳಿದುಕೊಂಡು ತಿರುಗಿದರು. ಆಗ ಅಲ್ಲಿಯ ತಂದೆತಾಯಿಗಳಿಗೆ ಅದು ಸ್ನಾನ ಮಾಡದವರ, ಗಾಂಜಾ ಸೇದುವವರ ವಾಸನೆಯಾಯಿತು. ನನ್ನ ಸಹೋದ್ಯೋಗಿಯ ಮೊಬೈಲಿನಲ್ಲಿ ಬಂದ "ಹೆವಿ" ಎಂಬ ಮಾತು ಹುಟ್ಟಿದ್ದು ಅಲ್ಲಿ. ಎಲ್ಲಿಯದೋ ಅಪ್ಪ ಅಮ್ಮಂದಿರ ಸಿಟ್ಟನ್ನು ಇವಳು ನನ್ನ ಜಡೆಯ ಮೇಲೆ ತೀರಿಸಿಕೊಂಡಳು!

ನಮ್ಮಲ್ಲಿ ಕಡಿಮೆಯೇನು? ನಾನು ಬಿ.ಇಡಿ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತಿರದ ಬಂಧುವೊಬ್ಬರು "ಟೀಚರಾದವಳು ಸೆಂಟು ಗಿಂಟು ಹಾಕಬಾರದಮ್ಮ, ನಾಲ್ಕು ಜನ ಏನಂದುಕೊಳ್ತಾರೆ" ಎಂದಿದ್ದರು. ಹೂವಿಗೆ ಅಭ್ಯಂತರವಿಲ್ಲ, ಹೂವಿನ ವಾಸನೆ ಸೀಸೆಯಿಂದ ಬಂದರೆ ಅಭ್ಯಂತರ. ಈಗ ತಿರುಗಾ ಮುರುಗಾ. ಸೀಸೆಯಿಂದ ಬಂದರೆ ನಾಗರಿಕತೆ, ಗಿಡದಿಂದ ಬಂದರೆ ಹಳ್ಳಿ. ಹೆಂಗಸಿನ ಮೈಯಿಂದ ಎಂಥ ವಾಸನೆ ಬರಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಆ ಹೆಂಗಸಿಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಕೊಟ್ಟವರು ಯಾರು?

ಇನ್ನು "ಈಗ ಯಾರೂ ಹಾಕಲ್ಲ" ಎಂಬ ಮಾತಿಗೆ ಬರೋಣ. ಇದು ಶುದ್ಧ ಸುಳ್ಳು.

ಸೆಂಟಿನ ಕಟ್ಟಡ ಹೇಗಿರುತ್ತದೆ ಗೊತ್ತೆ? ನಿಂಬೆ ಕಿತ್ತಳೆಗಳಂಥ ಹಗುರ ವಾಸನೆ ಮೊದಲು ಹಾರುತ್ತದೆ, ಕಾಲು ಗಂಟೆಯಲ್ಲಿ ಮುಗಿಯಿತು. ಹೂವಿನದು ಕೆಲವು ಗಂಟೆ. ಇವುಗಳ ಕೆಳಗೆ ನಿಧಾನವಾಗಿ ಆವಿಯಾಗುವ ಭಾರದ ವಾಸನೆಯೊಂದು ಇರಲೇಬೇಕು. ಅದು ಮೇಲಿನವುಗಳನ್ನು ಕೈಹಿಡಿದು ತಡೆದು ನಿಲ್ಲಿಸುತ್ತದೆ, ಕೊನೆಗೆ ತಾನೂ ಉಳಿಯುತ್ತದೆ. ಪಚೌಲಿ ಎಣ್ಣೆಯನ್ನು ಕಾಗದದ ಪಟ್ಟಿಗೆ ಒಂದು ಹನಿ ಹಾಕಿಟ್ಟರೆ ವಾರಗಟ್ಟಲೆ ವಾಸನೆ ಬಿಡುವುದಿಲ್ಲ. ಹೂವಿನ ದಂಡೆಯಲ್ಲಿ ಬಾಳೆನಾರು ಇದ್ದ ಹಾಗೆ ಎನ್ನಿ. ನೋಡುವವರಿಗೆ ಹೂ ಕಾಣುತ್ತದೆ, ನಾರು ಕಾಣುವುದಿಲ್ಲ. ನಾರು ಎಳೆದರೆ ಹೂವೆಲ್ಲ ನೆಲಕ್ಕೆ.

1917ರಲ್ಲಿ ಫ್ರಾಂಸ್ವಾ ಕೋಟಿ ಎಂಬಾತ ಶೀಪ್ರ್ ಎಂಬ ಸೆಂಟು ಮಾಡಿದ. ಮೇಲೆ ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣು, ಕೆಳಗೆ ಓಕ್ ಮರದ ಮೇಲೆ ಬೆಳೆಯುವ ಒಂದು ಕಲ್ಲುಹೂ (ನಾವು ಮಸಾಲೆಗೆ ಹುರಿಯುವ ಕಲ್ಲುಹೂವಿನ ಬಳಗದ್ದೇ), ಅದರ ಜೊತೆಗೆ ಪಚೌಲಿ. ಅದೊಂದು ಸೆಂಟಿನ ಹೆಸರೇ ಇಡೀ ಒಂದು ಕುಲದ ಹೆಸರಾಯಿತು. 1947ರ ಮಿಸ್ ಡಿಯೊರ್ ಸಹ ಆ ಕುಲದ್ದೇ. ಮುಂದೆ ಆ ಓಕ್ ಕಲ್ಲುಹೂವಿನಿಂದ ಕೆಲವರ ಚರ್ಮಕ್ಕೆ ತುರಿಕೆ ಬರುತ್ತದೆಂದು ಅದರ ಬಳಕೆಗೆ ಮಿತಿ ಬಂತು. 2017ರಲ್ಲಿ ಯುರೋಪಿಯನ್ ಒಕ್ಕೂಟ ಅದರೊಳಗಿನ ಎರಡು ವಸ್ತುಗಳನ್ನೇ ನಿಷೇಧಿಸಿತು. ಖಾಲಿಯಾದ ಜಾಗವನ್ನು ತುಂಬಿದ್ದು ಯಾರು? ಅದೇ ಪಚೌಲಿ. 1992ರಲ್ಲಿ ಬಂದ ಏಂಜಲ್ ಎಂಬ ಸೆಂಟನ್ನು ಕೇಳಿರಬಹುದು. ಜಾತ್ರೆಯ ಬೊಂಬಾಯಿ ಮಿಠಾಯಿಯಂಥ ಸಿಹಿ ವಾಸನೆಯ ಕೆಳಗೆ ಧಾರಾಳವಾಗಿ ಪಚೌಲಿ ಸುರಿದು ಮಾಡಿದ್ದು. ಬರೀ ಸಿಹಿಯಾಗಿದ್ದರೆ ಮಕ್ಕಳ ಪೆಪ್ಪರಮಿಂಟಾಗುತ್ತಿತ್ತು. ಪಚೌಲಿಯ ಕಹಿಮಣ್ಣು ಸೇರಿದ್ದರಿಂದ ಲೋಕ ಹುಚ್ಚಾಯಿತು. ಆಮೇಲೆ ಬಂದ ತಿನಿಸಿನ ವಾಸನೆಯ ಸೆಂಟುಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. 2001ರ ಕೊಕೊ ಮದ್ಮೊಸೆಲ್ ಬಾಟಲಿಯಲ್ಲಿ ಮೇಲೆ ಕಿತ್ತಳೆ, ನಡುವೆ ಗುಲಾಬಿ ಮಲ್ಲಿಗೆ, ತಳದಲ್ಲಿ ಪಚೌಲಿ. ನನ್ನ ಮಣಿಕಟ್ಟಿನ ಮೇಲೆ ಅಂದು ನಡೆದ ನಾಟಕದ ಪಾತ್ರಧಾರಿಗಳೂ ಇವರೇ ಇರಬೇಕು.

ಹಾಗಿದ್ದರೆ ನಮ್ಮ ಹುಡುಗಿಗೆ ಯಾಕೆ ಗುರುತು ಸಿಗಲಿಲ್ಲ? ಇಲ್ಲಿದೆ ಜಾಣತನ. ಎಣ್ಣೆಯನ್ನು ಮತ್ತೆ ಬಟ್ಟಿ ಇಳಿಸಿ, ಅಟ್ಟದ ವಾಸನೆ, ಮಣ್ಣಿನ ವಾಸನೆ ಕೊಡುವ ಭಾಗವನ್ನು ಬೇರ್ಪಡಿಸಿ, ನಯವಾದ್ದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಬುದ್ಧಿವಂತ ಕೆಲಸ, ಅದನ್ನು ನಾನು ಹೀಗಳೆಯುವುದಿಲ್ಲ. ಅಕ್ಕಿ ಪಾಲಿಶ್ ಮಾಡಿದ ಹಾಗೆ ಅದು. ಆದರೆ ಪಾಲಿಶ್ ಮಾಡಿದವನು ಅದನ್ನು ಅಕ್ಕಿ ಎಂದಾದರೂ ಕರೆಯುತ್ತಾನೆ. ಇವರು ಅದನ್ನೂ ಮಾಡುವುದಿಲ್ಲ. ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಒಂದು ದೊಡ್ಡ ಅಂಗಡಿಯಲ್ಲಿ, ಮಗಳು ಕೈ ಜಗ್ಗುತ್ತಿದ್ದರೂ ಬಿಡದೆ, "ಇದರ ತಳದಲ್ಲಿ ಏನು ಹಾಕಿದ್ದಾರಪ್ಪ?" ಎಂದು ಕೇಳಿದೆ. ಟೈ ಕಟ್ಟಿದ ಹುಡುಗ "ವುಡಿ ನೋಟ್ಸ್ ಮೇಡಂ" ಎಂದ. ಯಾವ ಮರ ಎಂದೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ, ಅದು ಮರವೇ ಅಲ್ಲವಲ್ಲ! ಸೊಂಟದೆತ್ತರದ ಗಿಡದ ಎಲೆಯನ್ನು ಸೆಂಟಿನವರು ಮರದ ಪಟ್ಟಿಗೆ ಸೇರಿಸಿಟ್ಟುಕೊಂಡಿದ್ದಾರೆ. ಎಲೆ ಎಂದರೆ ಹಿತ್ತಿಲು ನೆನಪಾಗುತ್ತದೆ, ಮರ ಎಂದರೆ ಗಾಂಭೀರ್ಯ ಬರುತ್ತದೆ.

ಒಂದು ಸಮಾಧಾನದ ಸುದ್ದಿ ಉಂಟು. 2023ರಲ್ಲಿ ಯುರೋಪಿಯನ್ ಒಕ್ಕೂಟ ಹೊಸ ನಿಯಮ ತಂದು, ಒಗ್ಗದಿರಬಹುದಾದ ಸುಗಂಧ ವಸ್ತುಗಳ ಪಟ್ಟಿಯನ್ನು ಉದ್ದ ಮಾಡಿತು. ಇಂತಿಷ್ಟಕ್ಕಿಂತ ಹೆಚ್ಚು ಇದ್ದರೆ ಡಬ್ಬಿಯ ಮೇಲೆ ಹೆಸರು ಅಚ್ಚು ಹಾಕಲೇಬೇಕು. ಆ ಪಟ್ಟಿಯಲ್ಲಿ ಪಚೌಲಿ ಎಣ್ಣೆಯೂ ಇದೆ. ಹಳೆಯ ಸರಕಿಗೆ 2028ರವರೆಗೆ ಗಡುವು. ನೋಡಿ, ಇಷ್ಟು ಕಾಲ ಕಟ್ಟಡ ಹೊತ್ತು ನಿಂತವಳ ಹೆಸರು ಕೊನೆಗೆ ಬರುತ್ತಿರುವುದು ಎಚ್ಚರಿಕೆಯ ಸಾಲಿನಲ್ಲಿ. ಆದರೂ ಬರಲಿ. ಒಗ್ಗದವರು ಇರುತ್ತಾರೆ, ಅವರಿಗೆ ತಿಳಿಯಬೇಕಾದ್ದು ನ್ಯಾಯ. ಗಾಢ ವಾಸನೆಗೆ ತಲೆನೋವು ಬರುವವರೂ ಇದ್ದಾರೆ. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಮೈತುಂಬ ಸೆಂಟು ಸುರಿದುಕೊಂಡು ಬಂದು ಕೂರುವವರನ್ನು ನಾನು ಸಮರ್ಥಿಸುತ್ತಿಲ್ಲ, ಅದು ಪಚೌಲಿಯಾದರೂ ಸರಿ, ಪಾರಿಜಾತವಾದರೂ ಸರಿ.

ಹೆಸರು ಅಡಗಿದಾಗ ಹೆಸರಿನ ಜೊತೆ ಇನ್ನೇನು ಅಡಗುತ್ತದೆ ಎಂಬುದು ನನಗೆ ಮುಖ್ಯ. ಜಗತ್ತಿನ ಪಚೌಲಿ ಎಣ್ಣೆಯ ಬಹುಪಾಲು ಬರುವುದು ಇಂಡೋನೇಷ್ಯಾದಿಂದ. ಸುಮಾತ್ರಾ, ಜಾವಾ, ಈಗೀಗ ಹೆಚ್ಚಾಗಿ ಸುಲಾವೆಸಿ. ಅಲ್ಲಿ ನೀಲಂ ಎನ್ನುತ್ತಾರೆ. ಬೆಳೆಯುವವರು ದೊಡ್ಡ ಜಮೀನ್ದಾರರಲ್ಲ, ತುಂಡು ನೆಲದವರು. ಕೊಯ್ದು, ಒಣಗಿಸಿ, ಹಲವು ಕಡೆ ಈಗಲೂ ಕಬ್ಬಿಣದ ಪೀಪಾಯಿಯಲ್ಲಿ ತುಂಬಿ, ಸೌದೆ ಉರಿಸಿ, ಗಂಟೆಗಟ್ಟಲೆ ಹಬೆ ಹಾಯಿಸುತ್ತಾರೆ. ಕಬ್ಬಿಣದ ಸಂಗಡದಿಂದ ಎಣ್ಣೆ ಕಪ್ಪಗಾಗುತ್ತದೆ. ನೂರು ಕಿಲೋ ಒಣ ಎಲೆಗೆ ಎರಡು, ಹೆಚ್ಚೆಂದರೆ ಮೂರು ಕಿಲೋ ಎಣ್ಣೆ. ಬೆಲೆ ಏರಿದ ವರ್ಷ ಎಲ್ಲರೂ ನೆಡುತ್ತಾರೆ, ಇಳಿದ ವರ್ಷ ಕಿತ್ತು ಬೇರೆ ಹಾಕುತ್ತಾರೆ. ಅಡಿಕೆ, ಶುಂಠಿ ಕಂಡ ನಮ್ಮ ಜನಕ್ಕೆ ಈ ಕಥೆ ಬಿಡಿಸಿ ಹೇಳಬೇಕೆ? ನಮ್ಮ ದೇಶದಲ್ಲೂ ಟಾಟಾ ಆಯಿಲ್ ಮಿಲ್ಸ್‌ನವರು 1942ರಲ್ಲೇ ಬೆಳೆಸಲು ಪ್ರಯತ್ನಿಸಿದ್ದರು. ಕರಾವಳಿಯ ತೆಂಗು ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯಬಹುದೆಂದು ಸಂಶೋಧಕರು ಹೇಳುತ್ತಲೇ ಬಂದಿದ್ದಾರೆ. ಆದರೂ ನಮ್ಮ ಊದುಬತ್ತಿಗೆ, ಸೋಪಿಗೆ ಬೇಕಾದ ಎಣ್ಣೆಗೆ ನಾವು ಇನ್ನೂ ಹಡಗಿನ ದಾರಿ ಕಾಯುತ್ತೇವೆ. ನಿಮ್ಮ ಬಚ್ಚಲಿನ ಮೈಸೂರು ಸ್ಯಾಂಡಲ್ ಸೋಪಿನಲ್ಲಿ ಗಂಧದೆಣ್ಣೆಯ ಜೊತೆಗೆ ಲಾವಂಚ, ಪಚೌಲಿಗಳೂ ಇವೆ. ಆ ಸೋಪಿನ ವಾಸನೆಗೆ ಯಾರಾದರೂ ಮೂಗು ಮುಚ್ಚಿದ್ದು ಕಂಡಿದ್ದೀರಾ?

ಇಷ್ಟು ಹೇಳಿದ ಕೂಡಲೇ ಇನ್ನೊಂದು ಗುಂಪಿನವರು ನನ್ನ ಕೈಕುಲುಕಲು ಬರುತ್ತಾರೆ. "ಅದಕ್ಕೇ ನೋಡಿ, ನೈಸರ್ಗಿಕವಾದದ್ದೇ ಒಳ್ಳೆಯದು, ಕೆಮಿಕಲ್ ಎಲ್ಲ ವಿಷ" ಎನ್ನುವವರು. ಅವರ ಕೈಗೂ ನಾನು ಸಿಗುವುದಿಲ್ಲ. ಪಚೌಲಿಯ ಮುಖ್ಯ ವಸ್ತುವನ್ನು 1960ರ ದಶಕದಲ್ಲೇ ಪ್ರಯೋಗಶಾಲೆಯಲ್ಲಿ ಕಟ್ಟಿ ನೋಡಿದರು. ಎಲೆ ಬೇಯಿಸಿ ತೆಗೆಯುವುದಕ್ಕಿಂತ ಅಗ್ಗವಾಗಿ ಕಟ್ಟಲು ಆಗಲಿಲ್ಲವೆಂದು ಬಿಟ್ಟರು. ಗಿಡ ಉಳಿದದ್ದು ಯಾರ ಭಕ್ತಿಯಿಂದಲೂ ಅಲ್ಲ, ಲೆಕ್ಕಾಚಾರದಿಂದ. 2014ರಲ್ಲಿ ಫರ್ಮೆನಿಶ್ ಎಂಬ ಸ್ವಿಸ್ ಕಂಪನಿ ಸಕ್ಕರೆಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ, ಪಚೌಲಿಯನ್ನು ಹೋಲುವ ಕ್ಲಿಯರ್‌ವುಡ್ ಎಂಬ ವಸ್ತುವನ್ನು ಮಾರುಕಟ್ಟೆಗೆ ತಂದಿತು. ನಾವು ದೋಸೆ ಹಿಟ್ಟು ಹುಳಿ ಬರಿಸುವ ವಿದ್ಯೆಯ ದೊಡ್ಡ ರೂಪ. ಅದು ವಿಷವೂ ಅಲ್ಲ, ಪಾಪವೂ ಅಲ್ಲ. ಅದಕ್ಕೆ ಅಟ್ಟದ ವಾಸನೆಯಿಲ್ಲ, ಪಚೌಲಿ ಬೆಳೆಯುವ ನೆಲವೂ ಬೇಕಿಲ್ಲ. ನನ್ನ ಪ್ರಶ್ನೆ ಒಂದೇ: ಸುಲಾವೆಸಿಯಲ್ಲಿ ಪೀಪಾಯಿಯ ಕೆಳಗೆ ಬೆಂಕಿ ಊದುವವರು ನಾಳೆ ಏನು ನೆಡಬೇಕು ಎಂದು ಯಾರಾದರೂ ಅವರನ್ನು ಕೂರಿಸಿಕೊಂಡು ಮಾತಾಡಿದ್ದಾರೆಯೆ? ಇನ್ನು ಅಂಗಡಿಯಲ್ಲಿ ನೈಸರ್ಗಿಕ ಎಂದು ಸಿಗುವ ಪಚೌಲಿ ಎಣ್ಣೆಗೂ ಗುರ್ಜನ್ ಮರದ ಎಣ್ಣೆ ಬೆರೆಸುವವರು ಇದ್ದಾರೆ. ನಿಸರ್ಗದ ಹೆಸರಿನಲ್ಲಿ ಮೋಸ ಮಾಡುವುದೂ ಮನುಷ್ಯರೇ.

ಈಗ ಆ ಇನ್ನೊಬ್ಬಳ ವಿಷಯ.

2009ನೇ ಇಸವಿ, ಜುಲೈ ತಿಂಗಳು. ಒಂಬತ್ತನೇ ತರಗತಿಗೆ ಕನ್ನಡ ಪಾಠ. ಹೊರಗೆ ಮೂರು ದಿನದಿಂದ ಬಿಡದ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಎರಡನೇ ಬೆಂಚಿನಲ್ಲಿ ಹೂ ಮಾರುವವಳ ಮಗಳೊಬ್ಬಳು ಕೂರುತ್ತಿದ್ದಳು. ತಾಯಿ ಬಸ್ ಸ್ಟ್ಯಾಂಡಿನ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತವಳು. ಹುಡುಗಿ ಬೆಳಗ್ಗೆ ಎದ್ದು ತಾಯಿಗೆ ದಂಡೆ ಕಟ್ಟಿಕೊಟ್ಟು, ಮಿಕ್ಕ ಹೂವು, ಮಿಕ್ಕ ಪಚ್ಚೆತೆನೆ ಮುಡಿದು ಶಾಲೆಗೆ ಬರುತ್ತಿದ್ದಳು. ಒದ್ದೆ ಕೂದಲು, ಒದ್ದೆ ಎಲೆ. ಹಿಂದಿನ ಬೆಂಚಿನವರು ಮೂಗು ಹಿಡಿದು ನಕ್ಕರು. ಒಬ್ಬಳು ಎದ್ದು ನಿಂತು "ಟೀಚರ್, ವಾಸನೆ" ಎಂದಳು.

ನಾನು ಏನು ಮಾಡಬೇಕಿತ್ತು ಎಂದು ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ಅಂದು ಪೋರ್ಷನ್ ಮುಗಿದಿರಲಿಲ್ಲ, ತಲೆ ಸಿಡಿಯುತ್ತಿತ್ತು, ಅಷ್ಟೇ ಸಾಕಾಯಿತು. "ನಾಳೆಯಿಂದ ಅದನ್ನೆಲ್ಲ ಮುಡಿದು ಬರಬೇಡ, ಇದು ಶಾಲೆ, ಸಂತೆಯಲ್ಲ" ಎಂದೆ, ನಲವತ್ತು ಮಕ್ಕಳ ಎದುರಿಗೆ. ಅವಳು ಏನೂ ಹೇಳಲಿಲ್ಲ. ಜಡೆಯಿಂದ ದಂಡೆ ಬಿಡಿಸಿ, ಮಡಿಸಿ, ಕಂಪಾಸ್ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಒತ್ತಿದಳು. ಟಕ್ಕೆಂದಿತು. ಅಂದು ನನ್ನ ಸೆರಗಿನಲ್ಲಿ ತಮ್ಮ ದುಬೈಯಿಂದ ತಂದುಕೊಟ್ಟ ಸೆಂಟು ಇತ್ತು. ಅದಕ್ಕೆ ಯಾರೂ ಎದ್ದು ನಿಲ್ಲಲಿಲ್ಲ.

ಮರುದಿನದಿಂದ ಅವಳು ಎಲೆಯನ್ನಷ್ಟೇ ಅಲ್ಲ, ಹೂವನ್ನೂ ಮುಡಿಯದೆ ಬಂದಳು. ಎಸ್ಸೆಸ್ಸೆಲ್ಸಿ ಮುಗಿಸಿದಳು. ನನ್ನಲ್ಲಿ ಮುಖ ಮುರಿದುಕೊಂಡವಳೂ ಅಲ್ಲ, ಎದುರು ಸಿಕ್ಕರೆ ನಮಸ್ಕಾರ ಹೇಳುತ್ತಿದ್ದಳು. ಮೇಷ್ಟ್ರ ಮಾತು ಮಕ್ಕಳಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ನಮಗೆ ಬಿ.ಇಡಿ.ಯಲ್ಲಿ ಒಂದು ಪೇಪರೇ ಇತ್ತು. ನಾನು ಅದರಲ್ಲಿ ಫಸ್ಟ್ ಕ್ಲಾಸು.

ಈಗ ಬಸ್ ಸ್ಟ್ಯಾಂಡಿನ ಪಕ್ಕ ತಾಯಿಯ ಜಾಗದಲ್ಲಿ ಅವಳೇ ಕೂರುತ್ತಾಳೆ. ಬುಟ್ಟಿ ಹೋಗಿ ತಗಡಿನ ಪೆಟ್ಟಿಗೆಯಂಗಡಿಯಾಗಿದೆ, ಪಕ್ಕದಲ್ಲಿ ಹಣ ಕಳಿಸುವ ಚೌಕದ ಚೀಟಿ ಅಂಟಿಸಿದೆ. ವಾರ್ಷಿಕೋತ್ಸವದ ಮರುವಾರ ಹೋಗಿ ಒಂದು ಮೊಳ ಮಲ್ಲಿಗೆ, ನಾಲ್ಕು ಕುಡಿ ಪಚ್ಚೆತೆನೆ ಕೇಳಿದೆ. ಅವಳ ಕೈ ನಾರಿನ ಮೇಲೆ ಸರಸರ ಓಡುತ್ತಿತ್ತು. ಜಡೆಯಲ್ಲಿ ಹೂವಿರಲಿಲ್ಲ. ನಿಂತವಳು ಮಾತು ತೆಗೆದೆ. ಪ್ಯಾರಿಸು, ಶಾಲು, ಬಾಟಲಿ, ಹತ್ತು ಹನ್ನೆರಡು ಸಾವಿರದ ಬೆಲೆ ಎಲ್ಲ ಹೇಳಿದೆ, ಹೇಳಬೇಕಾದದ್ದೊಂದನ್ನು ಬಿಟ್ಟು. ಅವಳು ಗಂಟು ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ನಾನು ಆ ದಿನದ ವಿಷಯ ಎತ್ತಿದೆ. ಕಂಪಾಸ್ ಪೆಟ್ಟಿಗೆ ಎನ್ನುವಷ್ಟರಲ್ಲಿ ಅವಳೇ ತಡೆದಳು.

"ಅಯ್ಯೋ ಬಿಡಿ ಟೀಚರ್, ಅದೆಲ್ಲ ಈಗ್ಯಾಕೆ" ಎಂದು ದಂಡೆಯನ್ನು ಬಾಳೆಲೆಯಲ್ಲಿ ಸುತ್ತಿದಳು. ಸ್ವಲ್ಪ ಹೊತ್ತು ಬಿಟ್ಟು, ನಗುತ್ತಲೇ, "ಅಷ್ಟೊಂದು ರೇಟು ಇದೆ ಅಂದ್ರೆ ಕುಡಿಗೆ ಎರಡು ರೂಪಾಯಿ ಜಾಸ್ತಿ ಮಾಡ್ಲಾ?" ಎಂದಳು.

ಮಾಡು ಎಂದೆ. ಮಾಡಿದಳು.